ಗರ್ಭಿಣಿಗೆ ಸಿಗುವ ಎಚ್‌ಐವಿ ಸೇವೆ: ಮಂಗಳೂರು, ಉಡುಪಿಯಲ್ಲಿ ಯಾವುದು ಗಟ್ಟಿ, ಯಾವುದು ಸಡಿಲ

ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟದಂತೆ ನೋಡಿಕೊಳ್ಳುವ ಸರ್ಕಾರಿ ಸೇವೆ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಪೂರ್ತಿ ಉಚಿತ. ರಕ್ತಪರೀಕ್ಷೆ, ಆಪ್ತ ಸಮಾಲೋಚನೆ, ತಾಯಿಯ ಮಾತ್ರೆ, ಮಗುವಿನ ಸಿರಪ್, ಮಗುವಿನ ಪಿಸಿಆರ್ ಪರೀಕ್ಷೆ (ರಕ್ತದಲ್ಲಿ ವೈರಸ್ ಇದೆಯೇ ಎಂದು ನೇರವಾಗಿ ನೋಡುವುದು), ಯಾವುದಕ್ಕೂ ಕಾಸು ಕೊಡಬೇಕಿಲ್ಲ. ಮಂಗಳೂರಿನಲ್ಲಿ ಹೆರಿಗೆಗೆ ಲೇಡಿಗೋಷನ್, ಎಆರ್‌ಟಿ (ಎಚ್‌ಐವಿ ಹತ್ತಿಕ್ಕುವ) ಔಷಧಕ್ಕೆ ವೆನ್ಲಾಕ್. ಎರಡೂ ಹಂಪನಕಟ್ಟೆಯ ಆಸುಪಾಸಿನಲ್ಲೇ ಇರುವುದರಿಂದ ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಿದೆ. ಹಳ್ಳಿಯವರು ಮೊದಲು ಹೋಗಬೇಕಾದದ್ದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ತಾಯಿ ಕಾರ್ಡ್ ಮಾಡಿಸಿದ ದಿನವೇ ಅಲ್ಲಿ ಬೆರಳು ಚುಚ್ಚಿ ಪರೀಕ್ಷೆ ಮಾಡುತ್ತಾರೆ.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಔಷಧದ ವಿಷಯದಲ್ಲಿ ಈ ಸೇವೆಗೆ ಪೂರ್ಣ ಅಂಕ. ಖಾಸಗಿಯಲ್ಲಿ ಎಷ್ಟು ಖರ್ಚು ಮಾಡಿದರೂ ಇದಕ್ಕಿಂತ ಒಳ್ಳೆಯ ಮಾತ್ರೆ ಸಿಗುವುದಿಲ್ಲ. ಸಡಿಲವಾಗಿರುವುದು ಇನ್ನೊಂದು ಕಡೆ. ಬಸುರಿನ ಒಂಬತ್ತು ತಿಂಗಳಲ್ಲಿ ಬರುವ ಬೇರೆ ಸೋಂಕುಗಳು, ಅಂದರೆ ಮಲೇರಿಯಾ, ಸಿಫಿಲಿಸ್, ಕ್ಷಯ, ಗರ್ಭಚೀಲದ ಸೋಂಕು, ಎಚ್‌ಐವಿ ಮಗುವಿಗೆ ದಾಟುವ ಅಪಾಯವನ್ನು ಹೆಚ್ಚಿಸಬಲ್ಲವು. ಆದರೆ ಜ್ವರ ನೋಡುವವರು ಒಬ್ಬರು, ಹೊಟ್ಟೆ ನೋಡುವವರು ಒಬ್ಬರು, ಎಚ್‌ಐವಿ ಮಾತ್ರೆ ಕೊಡುವವರು ಮತ್ತೊಬ್ಬರು. ಮೂವರ ನಡುವೆ ಮಾಹಿತಿ ಹೊತ್ತು ತಿರುಗಬೇಕಾದವಳು ಗರ್ಭಿಣಿಯೇ. ಹಾಗಾಗಿ ಏನನ್ನು, ಯಾರಿಗೆ, ಯಾವಾಗ ಹೇಳಬೇಕು ಎಂಬುದು ಆಕೆಗೂ ಮನೆಯವರಿಗೂ ತಿಳಿದಿರಬೇಕು.

ಅಪಾಯದ ಅಳತೆ ಹೀಗಿದೆ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಎಚ್‌ಐವಿ ಇರುವ ತಾಯಂದಿರಿಗೆ ಹುಟ್ಟುವ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ತಾಯಿ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡರೆ, ಎದೆಹಾಲು ಕುಡಿಸಿದರೂ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಗರ್ಭ ನಿಲ್ಲುವ ಮೊದಲೇ ಮಾತ್ರೆ ಶುರುಮಾಡಿ, ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ ಸಂಖ್ಯೆಯನ್ನು 50ರ ಕೆಳಗೆ ಇಟ್ಟುಕೊಂಡ ತಾಯಂದಿರಲ್ಲಿ ಹೆರಿಗೆಯ ಹೊತ್ತಿಗೆ ದಾಟುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಎಲ್ಲವೂ ನಿಂತಿರುವುದು ಆ ಒಂದು ಸಂಖ್ಯೆಯ ಮೇಲೆ. ಅದನ್ನು ವೈರಲ್ ಲೋಡ್ ಎನ್ನುತ್ತಾರೆ.

ಬೇರೆ ಸೋಂಕು ಇಲ್ಲಿ ಮಾಡುವ ಕೆಡುಕು ಹಲವು ಬಗೆಯದು. ಯಾವುದೇ ಸೋಂಕನ್ನು ಎದುರಿಸಲು ದೇಹ ಸಿಡಿ4 ಎಂಬ ರಕ್ಷಕ ಬಿಳಿರಕ್ತ ಕೋಶಗಳನ್ನು ಎಬ್ಬಿಸುತ್ತದೆ. ಎಚ್‌ಐವಿ ಬೆಳೆಯುವುದು ಅದೇ ಕೋಶಗಳಲ್ಲಿ, ಅದೂ ಎಚ್ಚೆತ್ತ ಕೋಶದಲ್ಲಿ ಇನ್ನೂ ಬೇಗ. ಹಾಗಾಗಿ ಸೋಂಕಿನ ಸಮಯದಲ್ಲಿ ವೈರಲ್ ಲೋಡ್ ಏರುತ್ತದೆ. ಮಾಸು ಅಥವಾ ನೀರುಚೀಲದಲ್ಲಿ ಉರಿಯೂತವಾದರೆ ತಾಯಿಯ ರಕ್ತವನ್ನೂ ಮಗುವಿನ ರಕ್ತವನ್ನೂ ಬೇರೆಯಾಗಿ ಇಟ್ಟ ಪೊರೆ ಬಿರಿಯುತ್ತದೆ. ಹೆರಿಗೆಯ ಹಾದಿಯಲ್ಲಿ ಹುಣ್ಣಿದ್ದರೆ ಆ ಜಾಗದ ಸ್ರಾವದಲ್ಲೇ ವೈರಸ್ ಹೆಚ್ಚಿರುತ್ತದೆ. ಸೋಂಕಿನಿಂದ ದಿನ ತುಂಬುವ ಮೊದಲೇ ಹೆರಿಗೆಯಾದರೆ, ಬಲಿಯದ ಚರ್ಮ, ಬಲಿಯದ ಕರುಳಿನ ಮಗುವಿಗೆ ತಡೆಯುವ ಶಕ್ತಿ ಕಡಿಮೆ.

ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು, ಬಸುರಿಯಾದ ಮೇಲೆ ಹೊಸದಾಗಿ ತಗಲುವ ಎಚ್‌ಐವಿ. ಈ ಸೇವೆಯ ದೊಡ್ಡ ಬಿರುಕೂ ಇಲ್ಲೇ ಇದೆ. ಮೂರನೇ ತಿಂಗಳಲ್ಲಿ ಮಾಡಿದ ಪರೀಕ್ಷೆ ನೆಗೆಟಿವ್ ಬಂದರೆ ತಾಯಿ ಕಾರ್ಡಿನಲ್ಲಿ ಬರೆದು, ಆ ವಿಷಯವನ್ನು ಎಲ್ಲರೂ ಅಲ್ಲಿಗೇ ಬಿಡುತ್ತಾರೆ. ಸೋಂಕು ತಗಲಿದ ಮೊದಲ ಕೆಲವು ವಾರ ರಕ್ತದಲ್ಲಿ ವೈರಸ್ ಲಕ್ಷಗಟ್ಟಲೆ ಇರುತ್ತದೆ. ಪ್ರತಿಕಾಯ (ವೈರಸ್ ವಿರುದ್ಧ ದೇಹ ತಯಾರಿಸುವ ಅಂಶ) ಮಾತ್ರ ಇನ್ನೂ ಹುಟ್ಟಿರುವುದಿಲ್ಲವಾದ್ದರಿಂದ ರ‍್ಯಾಪಿಡ್ ಪರೀಕ್ಷೆ ನೆಗೆಟಿವ್ ತೋರಿಸುತ್ತದೆ. ಈ ಹೊತ್ತಿನಲ್ಲಿ ಮಗುವಿಗೆ ದಾಟುವ ಸಾಧ್ಯತೆ ಹಳೆಯ ಸೋಂಕಿಗಿಂತ ಬಹಳ ಹೆಚ್ಚು. ಹಾಲೂಡಿಸುವ ತಿಂಗಳುಗಳಲ್ಲಿ ಹೊಸದಾಗಿ ತಗಲಿದರೂ ಇದೇ ಕಥೆ. ಪರಿಹಾರ ಎರಡು: ಗಂಡನ ಪರೀಕ್ಷೆ, ಮತ್ತು ಏಳನೇ ತಿಂಗಳ ನಂತರ ಹೆಂಡತಿಗೆ ಇನ್ನೊಮ್ಮೆ ಪರೀಕ್ಷೆ. ಗಂಡ ಮುಂಬೈಯಲ್ಲಿರಲಿ, ಗಲ್ಫ್‌ನಲ್ಲಿರಲಿ, ಮಲ್ಪೆಯ ಬೋಟಿನಲ್ಲಿರಲಿ, ಮನೆಯಲ್ಲೇ ಇರಲಿ, ಯಾರ ಮೇಲೂ ಸಂಶಯ ಪಡುವ ಪ್ರಶ್ನೆ ಇದಲ್ಲ. ಇಬ್ಬರೂ ಒಟ್ಟಿಗೆ ಹೋಗಿ ಮಾಡಿಸಿಕೊಳ್ಳುವ ಪರೀಕ್ಷೆ. ಎರಡನೇ ಪರೀಕ್ಷೆಯನ್ನು ಯಾರೂ ತಾವಾಗಿ ಹೇಳದಿದ್ದರೆ ನೀವೇ ಕೇಳಿ. ಇನ್ನು ಗಂಡನಿಗೆ ಎಚ್‌ಐವಿ ಇದ್ದು ಹೆಂಡತಿಗೆ ಇಲ್ಲದಿದ್ದರೆ, ಬಸುರಿನಲ್ಲೂ ಬಾಣಂತನದಲ್ಲೂ ಕಾಂಡೋಮ್ ಬಿಡುವಂತಿಲ್ಲ. ಗಂಡ ಎಆರ್‌ಟಿ ಮಾತ್ರೆ ತಪ್ಪಿಸುವಂತೆಯೂ ಇಲ್ಲ.

ಪರೀಕ್ಷೆಯ ಬಗ್ಗೆ ಇನ್ನೊಂದು ಮಾತು. ಖಾಸಗಿ ಲ್ಯಾಬಿನ ಒಂದೇ ಕಿಟ್ಟಿನಲ್ಲಿ ರಿಯಾಕ್ಟಿವ್ ಬಂದರೆ ಅದು ರೋಗನಿರ್ಣಯವಲ್ಲ. ಐಸಿಟಿಸಿಯಲ್ಲಿ (ಸರ್ಕಾರಿ ಎಚ್‌ಐವಿ ಪರೀಕ್ಷೆ, ಸಮಾಲೋಚನೆ ಕೇಂದ್ರ) ಬೇರೆ ಬೇರೆ ತತ್ವದ ಮೂರು ಕಿಟ್‌ಗಳಲ್ಲಿ ಪರೀಕ್ಷಿಸಿ, ಮೂರೂ ಒಂದೇ ಉತ್ತರ ಕೊಟ್ಟ ಮೇಲಷ್ಟೇ ಪಾಸಿಟಿವ್ ಎಂದು ಬರೆಯುತ್ತಾರೆ. ಒಂದೇ ಕಿಟ್ ನೋಡಿ ಮನೆಯಲ್ಲಿ ರಂಪವಾಗುವ ಮೊದಲು ಐಸಿಟಿಸಿಗೆ ಹೋಗಿ.

ಈಗ ಮಾತ್ರೆ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೆ ಒಂದು ಸಲ, ಜೀವನಪರ್ಯಂತ. ಕೇಂದ್ರದವರು ಇದನ್ನು ಟಿಎಲ್‌ಡಿ ಎನ್ನುತ್ತಾರೆ. ಗರ್ಭಿಣಿಗೆ ಸಿಡಿ4 ಎಷ್ಟೇ ಇರಲಿ, ಸೋಂಕು ಖಚಿತವಾದ ಕೂಡಲೇ ಶುರುಮಾಡುತ್ತಾರೆ. ಒಂದು ಕಾಲದಲ್ಲಿ ನೋವು ಬಂದಾಗ ಒಂದು ನೆವಿರಾಪಿನ್ ಮಾತ್ರೆ ಕೊಟ್ಟು ಕಳಿಸುತ್ತಿದ್ದ ಸೇವೆ ಇದು. 2014ರಿಂದ ದೇಶದಾದ್ಯಂತ ಪ್ರತಿ ಗರ್ಭಿಣಿಗೂ ಜೀವನಪರ್ಯಂತದ ಚಿಕಿತ್ಸೆ ಬಂತು. ಈಗಿನ ಡೊಲುಟೆಗ್ರಾವಿರ್ ಅಂತೂ ತಡವಾಗಿ ಬಂದವರಿಗೂ ವರದಾನ. ಉಗಾಂಡ ಮತ್ತು ದಕ್ಷಿಣ ಆಫ್ರಿಕಾದ ಡಾಲ್ಫಿನ್‌-2 ಔಷಧ ಪ್ರಯೋಗದಲ್ಲಿ, 28 ವಾರ ಕಳೆದ ಮೇಲೆ ಚಿಕಿತ್ಸೆ ಆರಂಭಿಸಿದವರಲ್ಲಿ ಹೆರಿಗೆಯ ಹೊತ್ತಿಗೆ ವೈರಲ್ ಲೋಡ್ 50ರ ಕೆಳಗೆ ಇಳಿದವರು ಡೊಲುಟೆಗ್ರಾವಿರ್ ಗುಂಪಿನಲ್ಲಿ 74 ಶೇಕಡಾ, ಹಳೆಯ ಎಫಾವಿರೆಂಜ್ ಗುಂಪಿನಲ್ಲಿ 43 ಶೇಕಡಾ. ಈ ಮಾತ್ರೆಯಿಂದ ಮಗುವಿನ ಬೆನ್ನುಹುರಿಗೆ ತೊಂದರೆ ಎಂಬ ಹೆದರಿಕೆ 2018ರಲ್ಲಿ ಬೋಟ್ಸ್ವಾನಾದ ಮೊದಲ ಅಂಕಿಅಂಶಗಳಿಂದ ಹುಟ್ಟಿತ್ತು. ಅಲ್ಲೇ ಇನ್ನೂ ಸಾವಿರಾರು ಹೆರಿಗೆಗಳ ಲೆಕ್ಕ ಸೇರಿದಾಗ ಆ ಹೆದರಿಕೆಗೆ ಆಧಾರ ಉಳಿಯಲಿಲ್ಲ. ಹಳೆಯ ಸುದ್ದಿ ಓದಿ ಮಾತ್ರೆ ಬಿಡಬೇಡಿ.

ಮಾತ್ರೆ ಒಳ್ಳೆಯದಾದರೂ ಅದರ ಜೊತೆ ತೆಗೆದುಕೊಳ್ಳುವ ವಸ್ತುಗಳೇ ಕೆಲಸ ಕೆಡಿಸುವುದುಂಟು. ಪ್ರತಿ ಗರ್ಭಿಣಿಯೂ ಕಬ್ಬಿಣಾಂಶದ ಮಾತ್ರೆ, ದಿನಕ್ಕೆ ಎರಡು ಕ್ಯಾಲ್ಸಿಯಂ ತೆಗೆದುಕೊಳ್ಳುತ್ತಾಳೆ. ಎದೆಯುರಿಗೆ ಜೆಲುಸಿಲ್ ಕುಡಿಯುವವರು ಎಷ್ಟೋ ಮಂದಿ. ಕಬ್ಬಿಣ, ಕ್ಯಾಲ್ಸಿಯಂ, ಮೆಗ್ನೀಷಿಯಂ, ಅಲ್ಯೂಮಿನಿಯಂ ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ನಿಯಮ ಇದು: ಟಿಎಲ್‌ಡಿ ನುಂಗಿದ 2 ಗಂಟೆ ನಂತರ ಇವನ್ನು ತೆಗೆದುಕೊಳ್ಳಬಹುದು, ಅಥವಾ ಇವನ್ನು ತೆಗೆದುಕೊಂಡ 6 ಗಂಟೆ ನಂತರ ಟಿಎಲ್‌ಡಿ. ನಾವು ಸೂಚಿಸುವ ವೇಳಾಪಟ್ಟಿ: ಬೆಳಿಗ್ಗೆ 6ಕ್ಕೆ ಟಿಎಲ್‌ಡಿ, ತಿಂಡಿಯಾದ ಮೇಲೆ 9ಕ್ಕೆ ಕ್ಯಾಲ್ಸಿಯಂ, ಮಧ್ಯಾಹ್ನ ಊಟದ ನಂತರ ಕಬ್ಬಿಣಾಂಶ, ರಾತ್ರಿ 8ಕ್ಕೆ ಇನ್ನೊಂದು ಕ್ಯಾಲ್ಸಿಯಂ. ಮರುದಿನದ 6 ಗಂಟೆಗೆ ಬೇಕಾದಷ್ಟು ಅಂತರ ತಾನಾಗಿ ಸಿಗುತ್ತದೆ. ಬೆಳಗಿನ ವಾಂತಿ ಜೋರಿದ್ದವರು ಟಿಎಲ್‌ಡಿಯನ್ನು ರಾತ್ರಿ ಊಟದ ಜೊತೆಗೆ ಇಟ್ಟುಕೊಳ್ಳಬಹುದು. ಆಗ ಕಬ್ಬಿಣಾಂಶ, ಕ್ಯಾಲ್ಸಿಯಂ ಮಧ್ಯಾಹ್ನದೊಳಗೆ ಮುಗಿಯಬೇಕು, ಇಲ್ಲವೇ ಟಿಎಲ್‌ಡಿ ಜೊತೆಗೇ ಹೊಟ್ಟೆ ತುಂಬ ಉಂಡು ತೆಗೆದುಕೊಳ್ಳಬೇಕು. ಊಟದ ಈ ವಿನಾಯಿತಿ ಜೆಲುಸಿಲ್‌ನಂಥ ಆ್ಯಂಟಾಸಿಡ್‌ಗೆ ಅನ್ವಯಿಸುವುದಿಲ್ಲ. ಪ್ರತಿದಿನ ತಪ್ಪದೆ ಮಾತ್ರೆ ತಿಂದರೂ ವೈರಲ್ ಲೋಡ್ ಇಳಿದಿಲ್ಲ ಎನ್ನುವವರ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಎಆರ್‌ಟಿ ಕೌಂಟರಿನಲ್ಲಿ ಕಬ್ಬಿಣಾಂಶದ ಮಾತೇ ಬಾರದಿರುವುದು, ಬಸುರಿಯರ ಒಪಿಡಿಯಲ್ಲಿ ಟಿಎಲ್‌ಡಿಯ ಮಾತೇ ಬಾರದಿರುವುದು ಸಡಿಲ ಕೊಂಡಿಗೆ ನೇರ ಉದಾಹರಣೆ.

ಇನ್ನು ಒಂದೊಂದೇ ಸೋಂಕು.

ಸಿಫಿಲಿಸ್‌ನ ವಿಷಯದಲ್ಲಿ ಸೇವೆ ಚೆನ್ನಾಗಿ ಸುಧಾರಿಸಿದೆ. ಎಚ್‌ಐವಿ ಮತ್ತು ಸಿಫಿಲಿಸ್ ಎರಡನ್ನೂ ಒಂದೇ ಹನಿ ರಕ್ತದಲ್ಲಿ ನೋಡುವ ಕಿಟ್ ಬಂದಿದೆ. ಎರಡೂ ಸೋಂಕು ಒಟ್ಟಿಗಿದ್ದರೆ ಮಾಸಿನಲ್ಲಿ ಉರಿಯೂತವಾಗಿ ಎಚ್‌ಐವಿ ದಾಟುವ ಸಾಧ್ಯತೆ ಹೆಚ್ಚುತ್ತದೆ, ಸಿಫಿಲಿಸ್ ಒಂದೇ ಸಾಕು ಮಗು ಹೊಟ್ಟೆಯಲ್ಲೇ ಸಾಯಲು. ಚಿಕಿತ್ಸೆ ಅಗ್ಗ: ಬೆಂಜಥಿನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಸ್ನಾಯುವಿಗೆ ಇಂಜೆಕ್ಷನ್, ಸಾಮಾನ್ಯವಾಗಿ ಎರಡು ಪಾಲು ಮಾಡಿ ಎರಡೂ ಪೃಷ್ಠಕ್ಕೆ. ಸೋಂಕು ಯಾವಾಗಿನದು ಎಂದು ಗೊತ್ತಿಲ್ಲದಿದ್ದರೆ ವಾರಕ್ಕೊಂದರಂತೆ ಮೂರು. ಚಿಕಿತ್ಸೆ ಹೆರಿಗೆಗೆ ಒಂದು ತಿಂಗಳಾದರೂ ಮೊದಲು ಶುರುವಾಗಿರಬೇಕು. ತಪ್ಪಾಗುವುದು ಎಲ್ಲಿ ಅಂದರೆ, ನೋವಿಗೆ ಹೆದರಿ ಎರಡನೆಯದಕ್ಕೇ ನಿಲ್ಲಿಸುವುದು, ಅಲರ್ಜಿಯ ಭಯಕ್ಕೆ ಪೆನಿಸಿಲಿನ್ ಬದಲು ಎರಿಥ್ರೊಮೈಸಿನ್ ಬರೆಯುವುದು. ಎರಿಥ್ರೊಮೈಸಿನ್ ಮಾಸನ್ನು ದಾಟಿ ಮಗುವನ್ನು ಮುಟ್ಟುವುದು ನಂಬುವಷ್ಟಿಲ್ಲ. ಗಂಡನಿಗೂ ಇಂಜೆಕ್ಷನ್ ಆಗದಿದ್ದರೆ ಸೋಂಕು ಮರಳಿ ಬರುತ್ತದೆ. ಜನನಾಂಗದ ಹುಣ್ಣು, ಹರ್ಪೀಸ್ ಗುಳ್ಳೆ, ವಾಸನೆಯ ಬಿಳಿಸೆರಗು ಇದ್ದರೆ ಜಿಲ್ಲಾಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ನಲ್ಲಿ ತೋರಿಸಿ. ಔಷಧ ಅಲ್ಲೂ ಉಚಿತ.

ಮಲೇರಿಯಾ ಮಂಗಳೂರಿಗೆ ಹಳೆಯ ಪರಿಚಯ. ಕಟ್ಟಡ ಕೆಲಸ ಮತ್ತು ಮಳೆ ಸೇರಿದಾಗ ಇಲ್ಲಿ ಜ್ವರ ಎಂದರೆ ಮೊದಲ ಅನುಮಾನ ಅದರ ಮೇಲೇ. ಮಲೇರಿಯಾ ಇದ್ದಷ್ಟು ಹೊತ್ತು ವೈರಲ್ ಲೋಡ್ ಏರುತ್ತದೆ ಎಂಬುದು ಸ್ಪಷ್ಟ. ಮಗುವಿಗೆ ದಾಟುವುದರ ಬಗ್ಗೆ ಅಧ್ಯಯನಗಳು ಒಂದೇ ದಿಕ್ಕಿನಲ್ಲಿಲ್ಲ. ಉಗಾಂಡದ ರಕಾಯಿಯಲ್ಲಿ ಮಾಸಿನ ಮಲೇರಿಯಾದಿಂದ ಅಪಾಯ ಹೆಚ್ಚಿತ್ತು. ಕೀನ್ಯಾದ ಕಿಸುಮುವಿನಲ್ಲಿ ಪರಾವಲಂಬಿಗಳ ಸಂಖ್ಯೆ ಹೆಚ್ಚಿದ್ದಾಗ ಮಾತ್ರ ಅಪಾಯ ಹೆಚ್ಚು. ಅಲ್ಲಿನದು ಫಾಲ್ಸಿಪಾರಂ ಎಂಬ ಬಗೆಯ ಮಲೇರಿಯಾ, ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್. ಹಾಗಾಗಿ ಆ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ತರಲಾಗದು. ಮಾಡಬೇಕಾದದ್ದರಲ್ಲಿ ಮಾತ್ರ ಗೊಂದಲವಿಲ್ಲ. ಜ್ವರ ಬಂದ ದಿನವೇ ರಕ್ತ ಪರೀಕ್ಷೆ. ಮೂರು ದಿನ ಪ್ಯಾರಾಸಿಟಮಾಲ್ ತಿಂದು ಕಾಯುವ ನಮ್ಮ ಊರಿನ ಅಭ್ಯಾಸ ಗರ್ಭಿಣಿಗೆ ಬೇಡ. ವೈವಾಕ್ಸ್‌ಗೆ ಕ್ಲೋರೊಕ್ವಿನ್ ಕೊಡುತ್ತಾರೆ. ಯಕೃತ್ತಿನಲ್ಲಿ ಅಡಗಿದ್ದನ್ನು ಕೊಲ್ಲುವ ಪ್ರಿಮಾಕ್ವಿನ್ ಗರ್ಭಿಣಿಗೆ ಕೊಡುವಂತಿಲ್ಲ, ಆದ್ದರಿಂದ ಅದೇ ಮಲೇರಿಯಾ ಮತ್ತೆ ಮೇಲೆದ್ದು ಬರಬಹುದು. ಎರಡನೇ ಸಲ ಜ್ವರ ಬಂದರೆ ಮತ್ತೆ ಪರೀಕ್ಷೆ ಮಾಡಿಸಲೇಬೇಕು. ಮಲೇರಿಯಾ ಇಲ್ಲ ಎಂದು ಬಂದರೆ ಡೆಂಗಿ, ಇಲಿಜ್ವರ ಕೂಡ ನೋಡಿಸಿ. ಎರಡೂ ಇಲ್ಲಿ ಮಳೆಗಾಲದವು. ಜ್ವರದ ವಾರ್ಡಿಗೆ ಸೇರಿದಾಗ ಟಿಎಲ್‌ಡಿ ಚೀಟಿ ಜೊತೆಯಲ್ಲಿರಲಿ. ಮುಜುಗರಕ್ಕೆ ಹೇಳದೆ ಐದಾರು ದಿನ ಮಾತ್ರೆ ತಪ್ಪುವುದು ಜ್ವರಕ್ಕಿಂತ ದೊಡ್ಡ ಹಾನಿ.

ಕ್ಷಯದ ಬಗ್ಗೆ ನಮ್ಮದೇ ದೇಶದ ಸಾಕ್ಷ್ಯವಿದೆ. ಪುಣೆಯಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಷಯ ಬಂದ ತಾಯಂದಿರಿಂದ ಎಚ್‌ಐವಿ ದಾಟುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು. ಎಆರ್‌ಟಿ ಕೇಂದ್ರದಲ್ಲಿ ಪ್ರತಿ ಭೇಟಿಯಲ್ಲೂ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಎಂಬ ನಾಲ್ಕು ಪ್ರಶ್ನೆ ಕೇಳುತ್ತಾರೆ. ಈ ಕ್ರಮ ನಮಗೆ ತುಂಬ ಹಿಡಿಸಿತು. ಆದರೆ ಬಸುರಿಯ ತೂಕ ಇಳಿಯದೆ, ಏರಬೇಕಾದಷ್ಟು ಏರದೆ ನಿಲ್ಲಬಹುದು. ‘ಇಳಿದಿದೆಯೇ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಹೇಳಿ ಬರುತ್ತಾರೆ. ತಾಯಿ ಕಾರ್ಡಿನ ತೂಕದ ಪುಟವನ್ನೇ ತೋರಿಸುವುದು ಉತ್ತಮ. ಕ್ಷಯಕ್ಕೆ ರಿಫಾಂಪಿಸಿನ್ ಶುರುವಾದರೆ ಅದು ಡೊಲುಟೆಗ್ರಾವಿರನ್ನು ಬೇಗ ಕರಗಿಸುತ್ತದೆ. ಆಗ ಟಿಎಲ್‌ಡಿ ನುಂಗಿದ 12 ಗಂಟೆಗೆ ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಬೇಕು, ರಿಫಾಂಪಿಸಿನ್ ಮುಗಿದ ಮೇಲೂ ಎರಡು ವಾರ. ಈ ಎರಡನೇ ಮಾತ್ರೆ ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಿ.

ಹೆಪಟೈಟಿಸ್ ಬಿ ಇದ್ದರೆ ಟಿಎಲ್‌ಡಿಯ ಎರಡು ಅಂಶಗಳು ಅದನ್ನೂ ಹಿಡಿದಿಡುತ್ತವೆ. ಮಗುವಿಗೆ 24 ಗಂಟೆಯೊಳಗೆ ಲಸಿಕೆ ಮತ್ತು ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಬೇಕು. ಮೂತ್ರದ ಸೋಂಕನ್ನು ನಿರ್ಲಕ್ಷಿಸಿದರೆ ಅದು ಅಕಾಲ ಹೆರಿಗೆಗೆ ದಾರಿ.

ನೀರುಚೀಲದ ಸೋಂಕು, ಅಂದರೆ ಹೊಟ್ಟೆ ಮುಟ್ಟಿದರೆ ನೋವು, ಜ್ವರ, ವಾಸನೆಯ ನೀರು ಹೋಗುವುದು, ತಡಮಾಡದೆ ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣ. ನೀರು ಒಡೆದು ಹೆರಿಗೆಯಾಗದೆ ಕಳೆದ ಪ್ರತಿ ಗಂಟೆಗೂ ಎಚ್‌ಐವಿ ದಾಟುವ ಅಪಾಯ ಇದ್ದದ್ದರ ಮೇಲೆ ಸುಮಾರು 2 ಶೇಕಡಾ ಏರುತ್ತದೆಂದು ಈಗಿನ ಚಿಕಿತ್ಸೆ ಬರುವ ಮೊದಲಿನ ಲೆಕ್ಕ ಹೇಳುತ್ತದೆ. ವೈರಲ್ ಲೋಡ್ ತಗ್ಗಿರುವ ತಾಯಿಯಲ್ಲಿ ಈ ಏರಿಕೆ ಕಾಣುವುದಿಲ್ಲ. ಹಾಗೆಂದು ಮನೆಯಲ್ಲಿ ಕಾಯಬಾರದು. ಹೆರಿಗೆ ಕೋಣೆಯಲ್ಲಿ ಒಳ್ಳೆಯ ಪದ್ಧತಿ ಎಂದರೆ ಅಗತ್ಯವಿಲ್ಲದೆ ನೀರುಚೀಲ ಒಡೆಯದಿರುವುದು, ಪದೇಪದೇ ಒಳಪರೀಕ್ಷೆ ಮಾಡದಿರುವುದು, ಫೋರ್ಸೆಪ್ಸ್ (ಮಗುವನ್ನು ಎಳೆಯುವ ಇಕ್ಕಳ) ಮತ್ತು ಹೆರಿಗೆದಾರಿಯ ಕೊಯ್ತವನ್ನು ತೀರಾ ಬೇಕಾದರಷ್ಟೇ ಬಳಸುವುದು. ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಮಾಡಬೇಕೆಂದು ನಮ್ಮ ರಾಷ್ಟ್ರೀಯ ಮಾರ್ಗಸೂಚಿ ಹೇಳುವುದಿಲ್ಲ. ನೋವಿನ ದಿನವೂ ಟಿಎಲ್‌ಡಿ ತಪ್ಪಬಾರದು. ಆಪರೇಷನ್‌ಗೆ ಉಪವಾಸ ಇಟ್ಟಿದ್ದರೆ ಒಂದು ಗುಟುಕು ನೀರಿನಲ್ಲಿ ನುಂಗಲು ಬಿಡುತ್ತಾರೆಯೇ ಎಂದು ವೈದ್ಯರನ್ನು ಮೊದಲೇ ಕೇಳಿಡಿ.

32ನೇ ವಾರದಿಂದ 36ನೇ ವಾರದೊಳಗೆ ಆಗಬೇಕಾದ ವೈರಲ್ ಲೋಡ್ ಪರೀಕ್ಷೆ ಇಡೀ ಸೇವೆಯ ಕೀಲಿ. ಮಗುವಿನ ಔಷಧ ನಿರ್ಧಾರವಾಗುವುದು ಅದರಿಂದಲೇ. ವೈರಸ್ ತಗ್ಗಿದ್ದರೆ ಮಗುವಿಗೆ ನೆವಿರಾಪಿನ್ ಸಿರಪ್ ಆರು ವಾರ. ತಗ್ಗದಿದ್ದರೆ, 32 ವಾರದ ನಂತರ ಪರೀಕ್ಷೆಯೇ ಆಗಿರದಿದ್ದರೆ, ಅಥವಾ ತಾಯಿಯ ಸೋಂಕು ಹೆರಿಗೆಯ ಸಮಯದಲ್ಲಿ ತಿಳಿದರೆ, ನೆವಿರಾಪಿನ್ ಜೊತೆ ಜಿಡೊವುಡಿನ್ ಕೂಡ; ಎದೆಹಾಲು ಕುಡಿಯುವ ಮಗುವಿಗೆ 12 ವಾರ. 34ನೇ ವಾರ ಜ್ವರ ಬಂದು ಮುಂದೂಡಿದ ಪರೀಕ್ಷೆ ಹೆರಿಗೆಯವರೆಗೂ ಆಗದೆ ಹೋದರೆ ಮಗು ತಾನಾಗಿ ಎರಡು ಸಿರಪ್‌ನ ಗುಂಪಿಗೆ ಸೇರುತ್ತದೆ. ಸಿರಪ್ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ. ಎರಡೂವರೆ ಕಿಲೋಗಿಂತ ಹೆಚ್ಚು ತೂಕದ ಮಗುವಿಗೆ ನೆವಿರಾಪಿನ್ ದಿನಕ್ಕೊಮ್ಮೆ ಒಂದೂವರೆ ಮಿಲಿಲೀಟರ್, ಎರಡರಿಂದ ಎರಡೂವರೆ ಕಿಲೋ ಇದ್ದರೆ ಒಂದು ಮಿಲಿಲೀಟರ್. ಚೀಟಿಯಲ್ಲಿ ‘15 ಮಿ.ಗ್ರಾಂ’ ಎಂದು ಬರೆದದ್ದನ್ನು ಚಮಚದ ಲೆಕ್ಕಕ್ಕೆ ತಂದರೆ ಅನಾಹುತ. ಸೂಜಿಯಿಲ್ಲದ ಸಿರಿಂಜಿನ ಮೇಲೆ ಪೆನ್ನಿನಲ್ಲಿ ಗೆರೆ ಹಾಕಿಸಿಕೊಂಡು ಬನ್ನಿ. ಮೊದಲ ಡೋಸ್ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಆಗಬೇಕು.

ಹಾಲಿನ ವಿಷಯದಲ್ಲಿ ನಮ್ಮ ಬಾಣಂತನದ ಮನೆಗಳಿಗೆ ಒಂದು ವಿನಂತಿ. ಆರು ತಿಂಗಳು ಬರೀ ಎದೆಹಾಲು ಎಂದರೆ ಬರೀ ಎದೆಹಾಲು. ಬಜೆ ತೇದು ನೆಕ್ಕಿಸುವುದು, ಜೇನು, ಸಕ್ಕರೆ ನೀರು, ನಾಲ್ಕನೇ ತಿಂಗಳಿಗೇ ರಾಗಿ ಮಣ್ಣಿ, ಯಾವುದೂ ಬೇಡ. ಹೊರಗಿನದು ಸೇರಿದಾಗ ಎಳೆಯ ಕರುಳಿನ ಒಳಪದರ ಕೆರಳಿ, ಹಾಲಿನಲ್ಲಿರುವ ವೈರಸ್ಸಿಗೆ ದಾರಿಯಾಗುತ್ತದೆ. ಮೊಲೆತೊಟ್ಟು ಬಿರಿದರೆ, ಎದೆ ಕಟ್ಟಿ ಕೀವಾದರೆ ಆ ಬದಿಯ ಹಾಲು ಹಿಂಡಿ ಚೆಲ್ಲಿ, ಇನ್ನೊಂದು ಬದಿ ಕುಡಿಸಿ, ಅದೇ ದಿನ ವೈದ್ಯರಿಗೆ ತೋರಿಸಿ.

ಆರನೇ ವಾರ, ಪೆಂಟಾವೇಲೆಂಟ್ ಲಸಿಕೆಯ ಹೊತ್ತಿಗೇ, ಮಗುವಿನ ಹಿಮ್ಮಡಿಯಿಂದ ಕಾಗದದ ಕಾರ್ಡಿನ ಮೇಲೆ ರಕ್ತದ ಹನಿ ತೆಗೆದು ಪಿಸಿಆರ್‌ಗೆ ಕಳಿಸುತ್ತಾರೆ. ಬೇರೆ ಸೋಂಕು ತಡೆಯುವ ಕೋಟ್ರಿಮಾಕ್ಸಜೋಲ್ ಸಿರಪ್ ಕೂಡ ಅಂದೇ ಶುರು. ಕರಾವಳಿಯ ಮಳೆಗಾಲದಲ್ಲಿ ಆ ಕಾರ್ಡ್ ಒಣಗುವುದೇ ಕಷ್ಟ. ಚೆನ್ನಾಗಿ ಒಣಗಿಸಿ, ತೇವ ಹೀರುವ ಪೊಟ್ಟಣದ ಜೊತೆ ಜಿಪ್ ಚೀಲದಲ್ಲಿ ಇಡದಿದ್ದರೆ, ಅಥವಾ ವೃತ್ತ ಪೂರ್ತಿ ತುಂಬದಿದ್ದರೆ, ಮಾದರಿ ತಿರಸ್ಕೃತವಾಗುತ್ತದೆ. ಮತ್ತೆ ಕರೆದರೆ ಮಗುವಿಗೆ ಸೋಂಕಿದೆ ಎಂದು ಗಾಬರಿಯಾಗಬೇಡಿ, ಕಾರ್ಡ್ ಕೆಟ್ಟಿರಬಹುದು. ಆರನೇ, ಹನ್ನೆರಡನೇ ತಿಂಗಳ ಪರೀಕ್ಷೆಯ ನಂತರ ಕೊನೆಯ ತೀರ್ಮಾನ 18ನೇ ತಿಂಗಳಿಗೆ. ಅಲ್ಲಿಯವರೆಗೆ ತಾಯಿಯ ಪ್ರತಿಕಾಯ ಮಗುವಿನ ರಕ್ತದಲ್ಲಿ ಉಳಿದಿರಬಹುದು. ಅದಕ್ಕೇ ಖಾಸಗಿ ಲ್ಯಾಬಿನಲ್ಲಿ ಮಗುವಿಗೆ ಮಾಡಿಸಿದ ಮಾಮೂಲಿ ಎಚ್‌ಐವಿ ಪರೀಕ್ಷೆ ಪಾಸಿಟಿವ್ ಬಂದರೂ ಅದಕ್ಕೆ ಅರ್ಥವಿಲ್ಲ.

ಏಳನೇ ತಿಂಗಳ ಬಯಕೆ ಮುಗಿಸಿ ತವರಿಗೆ ಹೋಗುವುದು ನಮ್ಮಲ್ಲಿ ಸಹಜ. ಚಿಕಿತ್ಸೆಯ ಎಳೆ ಹೆಚ್ಚು ಕಡಿಯುವುದು ಆಗಲೇ. ಮಂಗಳೂರಿನಲ್ಲಿ ನೋಂದಾಯಿಸಿ ಹೆರಿಗೆಗೆ ಉಡುಪಿ ಕಡೆಗೆ ಹೋಗುವವರು, ಹೊರಡುವ ಮೊದಲೇ ಎಆರ್‌ಟಿ ಕೇಂದ್ರದಿಂದ ವರ್ಗಾವಣೆ ಪತ್ರ, ಕನಿಷ್ಠ ಹೆರಿಗೆ ದಿನಾಂಕ ದಾಟುವಷ್ಟು ಮಾತ್ರೆ, ವೈರಲ್ ಲೋಡ್ ಪರೀಕ್ಷೆಯ ದಿನಾಂಕ, ಪೆನಿಸಿಲಿನ್ ಎಷ್ಟಾಯಿತು ಎಂಬ ಬರಹ, ಇಷ್ಟನ್ನು ಒಂದು ಲಕೋಟೆಯಲ್ಲಿ ಇಟ್ಟುಕೊಳ್ಳಿ. ತವರಿನಲ್ಲಿ ಎಲ್ಲರಿಗೂ ವಿಷಯ ಹೇಳಬೇಕೆಂದಿಲ್ಲ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಕಾಯ್ದೆಯಂತೆ, ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದು, ಗುಟ್ಟು ಹೊರಗೆ ಬಿಡುವುದು, ಸೋಂಕಿನ ಕಾರಣಕ್ಕೆ ಹೆರಿಗೆ ನಿರಾಕರಿಸುವುದು ಮೂರೂ ಕಾನೂನು ನಿಷೇಧಿಸಿದ ನಡತೆ. ಸರ್ಕಾರಿಯಿರಲಿ, ಖಾಸಗಿಯಿರಲಿ, ಎಲ್ಲ ಆಸ್ಪತ್ರೆಗೂ ಈ ನಿಯಮ ಅನ್ವಯ. ಫೋನಿನಲ್ಲಿ ಹೆಸರು ಹೇಳದೆ ಸಲಹೆ ಕೇಳಲು ರಾಷ್ಟ್ರೀಯ ಸಹಾಯವಾಣಿ 1097 ಇದೆ, ಕರೆ ಉಚಿತ.